ದೋಣಿಗಂಡಿಯ ಸ್ಟೀಮರೂ ಒಂದು ಗೇಣು ನೀರೂ

ಏಪ್ರಿಲ್ 6, ಭಾನುವಾರ

ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷದ ಶುಭ ಮುಹೂರ್ತದಲ್ಲಿ ನನ್ನ ಪೆನ್ನಿಗೆ ಹೊಸ ರೀಫಿಲ್ ಹಾಕಲಾಯಿತು. ಸಮಾರಂಭಕ್ಕೆ ನಾನು, ನನ್ನ ಹೆಂಡತಿ ಗಿರಿಜಾಂಬಾ ಮತ್ತು ಒಂದು ನೊಣ ಹಾಜರಿದ್ದೆವು. ಅಧ್ಯಕ್ಷ ಭಾಷಣದಲ್ಲಿ ಗಿರಿಜ, "ಬರೆಯೋದಾದ್ರೆ ಬರೀರಿ, ಮೊದ್ಲು ಆ ಮೆಣಸು ಬಿಸ್ಲಿಗೆ ಹರಡಿ" ಎಂದಳು. ನೊಣ ವಂದನಾರ್ಪಣೆ ಮಾಡಿತು.

ರೀಫಿಲ್ಲಿಗೆ ಕಾರಣವಿದೆ. ನಿನ್ನೆ ಪರಮೇಶ್ವರಪ್ಪನವರು ಬಂದಿದ್ದರು. ಕಳಸದಲ್ಲಿ ಅಡಿಕೆ ಮಂಡಿ ಇಟ್ಟವರು, ನಮ್ಮ ದೋಣಿಗಂಡಿಯ ಸೇತುವೆ ಸಮಿತಿಗೆ ಅಧ್ಯಕ್ಷರು. ಹೊಳೆಗೆ ಕೊನೆಗೂ ಸೇತುವೆಯಾಗಿದೆ. ಅದರ ಬಾಯಲ್ಲಿ ಒಂದು ಗ್ರಾನೈಟ್ ಕಲ್ಲು ನಿಲ್ಲಿಸಿ, ಹಿಂದೆ ಇದೇ ಹೊಳೆಯಲ್ಲಿ ಓಡುತ್ತಿದ್ದ ಸರ್ಕಾರಿ ಸ್ಟೀಮರಿನ ಇತಿಹಾಸ ಕೆತ್ತಿಸಬೇಕಂತೆ. ಇತಿಹಾಸಕಾರ ನಾನು. ಆ ಸ್ಟೀಮರಿನಲ್ಲಿ ನಾಲ್ಕು ವರ್ಷ ಟಿಕೆಟ್ ಹರಿದವನು ನಾನು, ಆಮೇಲೆ ಮೂವತ್ತೊಂದು ವರ್ಷ ಎಸ್ಟೇಟಿನ ರೈಟರಾಗಿ ಆಳುಗಳ ಹಾಜರಿ ಬರೆದವನೂ ನಾನೇ. ಇಷ್ಟು ಯೋಗ್ಯತೆ ಇರುವವರು ಊರಿನಲ್ಲಿ ಬೇರೆ ಯಾರೂ ಬದುಕಿಲ್ಲ.

"ಎಂಟು ಸಾಲು ಸಾಕು ಚನ್ನಬಸವಣ್ಣ" ಎಂದರು ಪರಮೇಶ್ವರಪ್ಪನವರು. "ಕಲ್ಲಲ್ಲಿ ಅಷ್ಟೇ ಜಾಗ. ಮೇ ಹತ್ತರೊಳಗೆ ಕೆತ್ತೋರ ಕೈಗೆ ಕೊಡ್ಬೇಕು."

ಹದಿನಾಲ್ಕು ವರ್ಷದ ಚರಿತ್ರೆಗೆ ಎಂಟು ಸಾಲು. ಒಪ್ಪಿದೆ. ಈ ಡೈರಿಯಲ್ಲಿ ಟಿಪ್ಪಣಿ ಇಟ್ಟುಕೊಳ್ಳುತ್ತೇನೆ. ಇದು ಪರಮ ಗೌಪ್ಯ; ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಇಡುವುದೆಂದು ತೀರ್ಮಾನಿಸಿದ್ದೇನೆ. ಅಲ್ಲಿ ಯಾರು ಹುಡುಕುತ್ತಾರೆ?

ಏಪ್ರಿಲ್ 8, ಮಂಗಳವಾರ

ಮೊದಲ ಸಾಲು ಬರೆದೆ: "1971ರಲ್ಲಿ ಇಲ್ಲಿ ಸಾರ್ವಜನಿಕ ಸ್ಟೀಮರ್ ಸಂಚಾರ ಆರಂಭವಾಯಿತು."

ಬರೆದ ಕೂಡಲೇ ಗೊಂದಲ. ಅದು ಸ್ಟೀಮರೇ ಅಲ್ಲ. ಅದರೊಳಗೆ ಆವಿ ಎಂಬುದು ಡ್ರೈವರ್ ಏಕಾಂತಪ್ಪ ಕಾಫಿ ಕಾಯಿಸಿಕೊಂಡಾಗ ಮಾತ್ರ ಇರುತ್ತಿತ್ತು. ಓಡಿಸುತ್ತಿದ್ದದ್ದು ಒಂದು ಕೆಮ್ಮುವ ಡೀಸೆಲ್ ಇಂಜಿನ್. ತಾಲ್ಲೂಕು ಬೋರ್ಡಿನ ಕಾಗದದಲ್ಲಿ ಅದರ ಹೆಸರು 'ಸಾರ್ವಜನಿಕ ಯಾಂತ್ರಿಕ ದೋಣಿ'. ಅಷ್ಟುದ್ದ ಕೂಗಿ ಕರೆಯುವಷ್ಟರಲ್ಲಿ ದೋಣಿ ಹೊರಟುಹೋಗುತ್ತಿತ್ತು. ಮೊದಲ ದಿನ ಯಾರೋ ಅದರ ಹೊಗೆ ನೋಡಿ ಸ್ಟೀಮರ್ ಎಂದರು, ಊರಿಗೂರೇ ಸ್ಟೀಮರ್ ಎಂದಿತು. ದೋಣಿಗಂಡಿಯಿಂದ ಹೊಳೆಯಲ್ಲಿ ಎರಡು ಮೈಲಿ ಮೇಲೆ ಹೋಗಿ ಆಚೆ ದಡದ ಹಿರೇಹಡ್ಲು. ದಿನಕ್ಕೆ ನಾಲ್ಕು ಸಲ. ಇಪ್ಪತ್ತು ಜನಕ್ಕೆ ಜಾಗ, ಮೂವತ್ತು ಜನ, ಎಂಟು ಕೋಳಿ.

ಕಲ್ಲಿನ ಮೇಲೆ ಸ್ಟೀಮರ್ ಎಂದರೆ ಸುಳ್ಳು. ಯಾಂತ್ರಿಕ ದೋಣಿ ಎಂದರೆ ಊರಿನ ಒಬ್ಬರಿಗೂ ಅರ್ಥವಾಗುವುದಿಲ್ಲ. ಮೊದಲ ಸಾಲು ಹೊಡೆದುಹಾಕಿದೆ.

ಏಪ್ರಿಲ್ 11, ಶುಕ್ರವಾರ

ಸಾಕ್ಷಿಗಳ ವಿಚಾರಣೆ. ಇಬ್ಬರೂ ಸ್ಟೀಮರಿನ ಕೊನೆಯ ದಿನ ಅದರೊಳಗಿದ್ದವರು.

ತಿಮ್ಮಪ್ಪನವರು, ವಯಸ್ಸು ಎಂಬತ್ತೊಂದು: "ದೊಡ್ಡ ಚಿಮಣಿ ಇತ್ತು ಕಣೋ. ಕೆಂಪು ಬಣ್ಣದ್ದು. ಕೂಗಿದ್ರೆ ಕುದುರೆಮುಖಕ್ಕೆ ಕೇಳ್ತಿತ್ತು."

"ಚಿಮಣಿ ಇರ್ಲಿಲ್ಲ ತಿಮ್ಮಪ್ಪಣ್ಣ. ನಾನು ಅದ್ರಲ್ಲೇ ಕೆಲ್ಸ ಮಾಡ್ತಿದ್ದೆ."

"ನೀನು ಟಿಕೆಟ್ ನೋಡ್ತಿದ್ದೆ. ಚಿಮಣಿ ನೋಡ್ತಿದ್ದೋನು ನಾನು."

ವಿಮಲಮ್ಮನವರು ಆಗ ಹೊಸ ಮದುವಣಗಿತ್ತಿ. ದೋಣಿ ಒಡೆದಾಗ ಅವರ ಟ್ರಂಕು ಹೊಳೆ ಪಾಲಾಯಿತು. ಟ್ರಂಕಿನಲ್ಲಿ ನಾಲ್ಕು ಸೀರೆ ಇದ್ದವೆಂದು ಆ ದಿನ ಬರೆಸಿದ್ದರು. ಇಂದು ಹನ್ನೊಂದು ಸೀರೆ, ಒಂದು ಬೆಳ್ಳಿ ಕುಂಕುಮದ ಬಟ್ಟಲು. ಇನ್ನೂ ಹತ್ತು ವರ್ಷ ಕಳೆದರೆ ಟ್ರಂಕಿನ ತೂಕಕ್ಕೇ ದೋಣಿ ಮುಳುಗಿತೆಂದು ಬರೆಯಬೇಕಾದೀತು.

ಬಣ್ಣ ಕೆಂಪೋ ನೀಲಿಯೋ ಎಂಬಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು, ಒಂದೇ ದನಿ: "ಒಡ್ದೋನು ಏಕಾಂತಪ್ಪ."

ಏಪ್ರಿಲ್ 15, ಮಂಗಳವಾರ

ಪಂಚಾಯ್ತಿ ಆಫೀಸು. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಗಗನಾ ಎಂಬ ಹುಡುಗಿ ಹಳೆಯ ಕಡತಗಳ ಕಪಾಟು ತೆಗೆದುಕೊಟ್ಟಳು. ತಾಲ್ಲೂಕು ಬೋರ್ಡು ಹೋಗಿ ಮಂಡಲ ಪಂಚಾಯ್ತಿಯಾಗಿ, ಮಂಡಲ ಹೋಗಿ ಗ್ರಾಮ ಪಂಚಾಯ್ತಿಯಾಗುವ ಮೂರು ಅವತಾರಗಳ ನಡುವೆ ಕಡತದ ಬಹುಭಾಗ ಗೆದ್ದಲಿಗೆ ಸಂದಿದೆ. ಉಳಿದದ್ದು ವಿಚಾರಣಾ ವರದಿಯ ಒಂದು ಹಾಳೆ: 1985ರ ಜೂನ್ 17, ಸೋಮವಾರ, ದೋಣಿ ನಡುಹೊಳೆಯ ಎಮ್ಮೆಕಲ್ಲಿಗೆ ಬಡಿದು ಒಡೆಯಿತು; ಹದಿನಾಲ್ಕು ಪ್ರಯಾಣಿಕರು ಪಾರು; ಕಾರಣ, ಚಾಲಕನ ದೃಷ್ಟಿದೋಷ ಮತ್ತು ಅಜಾಗರೂಕತೆ.

ಪರಮೇಶ್ವರಪ್ಪನವರು ಕಲ್ಲಿಗೆ ಕೊನೆಯ ಎರಡು ಸಾಲನ್ನು ಆಗಲೇ ಬರೆದುಕೊಟ್ಟಿದ್ದಾರೆ: "ಚಾಲಕ ಏಕಾಂತಪ್ಪನವರ ಅಜಾಗರೂಕತೆಯಿಂದ ಸ್ಟೀಮರ್ ಒಡೆದು ಸಂಚಾರ ಕೊನೆಗೊಂಡಿತು." ಗಗನಾ ಅದನ್ನು ಟೈಪ್ ಮಾಡಿ ನನಗೆ ತೋರಿಸಿದಳು. ತೋರಿಸಿ ಕೀಲಿಗಳ ಮೇಲಿಂದ ಕೈ ತೆಗೆದಳು.

"ಎಂತಮ್ಮ, ತಪ್ಪಿದ್ಯಾ?"

"ತಪ್ಪಿಲ್ಲ ಅಂಕಲ್. ಅವ್ರು ನಮ್ಮಜ್ಜ."

ನನಗೆ ಗೊತ್ತೇ ಇರಲಿಲ್ಲ. ದಿನವೂ ಕೊಟ್ಟಿಗೆಹಾರದಿಂದ ಬಸ್ಸಿನಲ್ಲಿ ಬರುತ್ತಾಳಂತೆ. ಏಕಾಂತಪ್ಪ ಅಲ್ಲಿ ಸಣ್ಣ ಹೋಟೆಲು ಇಟ್ಟಿರುವುದು ಗೊತ್ತು. ನಲವತ್ತು ವರ್ಷದಲ್ಲಿ ನಾನು ಆ ರಸ್ತೆಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿ ಬಸ್ಸು ನಿಂತಾಗೆಲ್ಲ ಏಕೋ ನಿದ್ದೆ ಬಂದಿರುತ್ತದೆ.

"ಕಾಗ್ದದಲ್ಲಿದ್ರೆ ಗೆದ್ದಲಾದ್ರೂ ತಿನ್ನುತ್ತೆ. ಕಲ್ಲಲ್ಲಿ ಬರೆದ್ರೆ ನನ್ನ ಮಕ್ಳೂ ಓದ್ಬೇಕು" ಎಂದಳು. ಆಮೇಲೆ ನಗಲು ನೋಡಿದಳು. "ಅಜ್ಜಂಗೆ ಕಣ್ಣಿನ ಕ್ಯಾಂಪ್ ಅಂದ್ರೆ ಹಬ್ಬ ಅಂಕಲ್. ಮೂಡಿಗೆರೇಲಿ ಎಲ್ಲಿ ಫ್ರೀ ಕ್ಯಾಂಪ್ ಇದ್ರೂ ಫಸ್ಟ್ ಟೋಕನ್ ಅವ್ರದ್ದೇ. ನಾಲ್ಕು ಕನ್ನಡಕ ಇದೆ. ಡಾಕ್ಟ್ರು ಕಣ್ಣು ಚೆನ್ನಾಗಿದೆ ಅಂದ್ರೆ, ಸರಿಯಾಗಿ ನೋಡಿ ಡಾಕ್ಟ್ರೇ ಅಂತ ಜಗಳ ಆಡ್ತಾರೆ."

ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅದರಲ್ಲಿ ನಗುವಂಥದ್ದು ಏನಿತ್ತೆಂದು ಹೊಳೆಯಲಿಲ್ಲ.

ಏಪ್ರಿಲ್ 16, ಬುಧವಾರ

ಇತಿಹಾಸಕ್ಕೆ ಅಗತ್ಯವಾದ ತಾಂತ್ರಿಕ ವಿವರ ದಾಖಲಿಸುತ್ತೇನೆ.

ದೋಣಿ ಕಟ್ಟುವ ಜಾಗದಲ್ಲಿ ಒಂದು ಬಂಡೆ. ಬಂಡೆಯ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಮಳೆಗಾಲದಲ್ಲಿ ನೀರು ಏರಿ ಗೆರೆ ಮುಟ್ಟಿತೆಂದರೆ ಸ್ಟೀಮರ್ ಬಂದ್. ಇಳಿದು ಗೆರೆ ಕಂಡರೆ ಮತ್ತೆ ಶುರು. ಕಾರಣ ಸರಳ: ಇಲ್ಲಿ ನೀರು ಗೆರೆ ಮುಟ್ಟಿದ ದಿನವೇ ನಡುಹೊಳೆಯ ಎಮ್ಮೆಕಲ್ಲಿನ ಬೆನ್ನು ಮುಳುಗುತ್ತದೆ. ಗೆರೆ ಕಾಣುವತನಕ ಎಮ್ಮೆಕಲ್ಲೂ ಕಾಣುತ್ತದೆ, ತಪ್ಪಿಸಿಕೊಂಡು ಹೋಗಬಹುದು. ಮಾಸಿದ ಗೆರೆಯನ್ನು ಪ್ರತಿವರ್ಷ ಮಳೆಗೆ ಮುಂಚೆ ಹಳೆಯ ಗುರುತಿನ ಮೇಲೇ ಹೊಸದಾಗಿ ಬಳಿಯಲಾಗುತ್ತಿತ್ತು. ಬೋರ್ಡಿನ ಸಿಬ್ಬಂದಿ ಬಳಿಯುತ್ತಿದ್ದರು.

ಈ ವಿವರ ಎಂಟು ಸಾಲಿನಲ್ಲಿ ಹಿಡಿಸುವುದಿಲ್ಲ. ಬಿಡಬಹುದು.

ಏಪ್ರಿಲ್ 20, ಭಾನುವಾರ

ಏನೂ ಬರೆಯಲಿಲ್ಲ. ಮೆಣಸು ಹರಡಿದೆ, ಬಾಚಿದೆ, ಮತ್ತೆ ಹರಡಿದೆ. ಒಣಗಿದ್ದನ್ನು ಯಾಕೆ ಹರಡುತ್ತೀರಿ ಎಂದು ಗಿರಿಜ ಕೇಳಿದಳು.

ಒಂದು ಸೋಜಿಗ. ಡೈರಿ ಅಕ್ಕಿ ಡಬ್ಬದ ಹಿಂದೆ ಇರಲಿಲ್ಲ, ಕಾಫಿಪುಡಿ ಡಬ್ಬದ ಹಿಂದೆ ಇತ್ತು. ನಾನೇ ಇಟ್ಟು ಮರೆತೆನೋ?

ಏಪ್ರಿಲ್ 24, ಗುರುವಾರ

ಹೊಳೆ ಕಡೆ ಹೋಗಿದ್ದೆ. ಇತಿಹಾಸಕಾರನೆಂದ ಮೇಲೆ ಸ್ಥಳ ಪರಿಶೀಲನೆ ಮಾಡಬೇಕು. ಈ ವಾರದಲ್ಲಿ ಐದನೆಯ ಪರಿಶೀಲನೆ.

ಬೇಸಿಗೆಯಲ್ಲಿ ಬಂಡೆ ಪೂರಾ ಹೊರಗಿರುತ್ತದೆ. ತೆಂಗಿನ ನಾರಿನಿಂದ ಪಾಚಿ ಉಜ್ಜಿದೆ. ಎದೆಯ ಮಟ್ಟದಲ್ಲಿ ಬಿಳಿಯ ಒಂದೆರಡು ಚಕ್ಕೆ ಸಿಕ್ಕಿತು. ಅದರ ಕೆಳಗೆ ಉಜ್ಜುವುದು ಅನಗತ್ಯವಾಗಿತ್ತು. ಆದರೂ ಕೈ ಕೆಳಗೆ ಹೋಯಿತು. ಒಂದು ಗೇಣು ಕೆಳಗೆ ಇನ್ನೊಂದು ಗೆರೆ. ದಪ್ಪ, ಪದರ ಪದರ, ಹದಿನಾಲ್ಕು ವರ್ಷದ ಬಣ್ಣ ಒಂದರ ಮೇಲೊಂದು. ಮೇಲಿನದು ಒಂದೇ ಪದರ.

ಬೋರ್ಡಿನ ಸಿಬ್ಬಂದಿ ಎಂದು ಮೊನ್ನೆ ಬರೆದಿದ್ದೆ. ದಾಖಲೆಯ ಸ್ಪಷ್ಟತೆಗಾಗಿ: ಸಿಬ್ಬಂದಿ ಎಂದರೆ ಇಬ್ಬರು. ದೋಣಿ ಓಡಿಸುವುದು ಡ್ರೈವರಿನ ಕೆಲಸ. ಗೆರೆ ಬಳಿಯುವುದು ಟಿಕೆಟ್ ಗುಮಾಸ್ತನ ಕೆಲಸ.

ಉಜ್ಜಿದ ಜಾಗಕ್ಕೆ ಮತ್ತೆ ಪಾಚಿ ಅಂಟಿಸಲು ನೋಡಿದೆ. ಅಂಟಲಿಲ್ಲ.

ಏಪ್ರಿಲ್ 27, ಭಾನುವಾರ

ಹಿರೇಹಡ್ಲಿನ ಕಡೆಯ ಸಾಕ್ಷಿ ಬೇಕೆಂದು ಗಿರಿಜಳನ್ನೇ ವಿಚಾರಿಸಿದೆ. ಅವಳ ತವರು ಅದೇ ತಾನೇ. ಹಲಸಿನಕಾಯಿ ಹೆಚ್ಚುತ್ತಿದ್ದಳು.

"ಸಾಕ್ಷಿಯ ಹೆಸರು?"

"ಕೈಗೆ ಎಣ್ಣೆ ಹಚ್ಕೊಂಡು ಈ ಸೊಳೆ ಬಿಡಿಸಿ. ಆಮೇಲೆ ಹೇಳ್ತೀನಿ."

ಬಿಡಿಸಿದೆ.

"ನಮ್ಮ ಕಡೆ ದಡದಲ್ಲಿ ನಾನು ಬಟ್ಟೆ ಒಗೆಯೋ ಕಲ್ಲು ಇತ್ತಲ್ಲ" ಎಂದಳು. "ಆ ಕಲ್ಲು ಮುಳುಗಿದ ದಿನವೇ ನಿಮ್ಮ ಬೋಟು ನಿಲ್ತಿತ್ತು. ಪ್ರತಿ ವರ್ಷ. ನಮ್ಮಮ್ಮ ಕಲ್ಲು ನೋಡೇ ಹೇಳೋರು, ಇನ್ನು ಸ್ಟೀಮರ್ ಇಲ್ಲ, ಸಾಮಾನು ತರ್ಸೋದಿದ್ರೆ ಇವತ್ತೇ ತರ್ಸಿ ಅಂತ. ಆ ವರ್ಷ ಮಾತ್ರ ಕಲ್ಲು ಮುಳುಗಿ ಆರು ದಿನ ಆದ್ರೂ ಬೋಟು ಬರ್ತಾನೇ ಇತ್ತು. ನೀವು ಅದ್ರ ಮೂತಿ ಮೇಲೆ ನಿಂತ್ಕೊಂಡು ಹಲ್ಲು ಕಿರೀತಾ ಬರ್ತಿದ್ರಿ."

"ಹೊಳೆ ಆ ವರ್ಷ ಬೇರೆ ತರ ಇತ್ತೇನೋ."

"ಹೊಳೆ ಹೊಳೆ ತರಾನೇ ಇತ್ತು ರೀ" ಎಂದಳು. ಚಾಕು ನಿಲ್ಲಿಸಲಿಲ್ಲ. "ನಂಗೂ ಖುಷಿಯಾಗಿತ್ತು. ಅದ್ಕೇ ಯಾಕೆ ಅಂತ ಕೇಳ್ಲಿಲ್ಲ."

ಹಲಸಿನ ಅಂಟು ಕೈಯಿಂದ ಇನ್ನೂ ಹೋಗಿಲ್ಲ.

ಏಪ್ರಿಲ್ 28, ಸೋಮವಾರ

ಅಡುಗೆ ಚೆನ್ನಾಗಿತ್ತು.

ಏಪ್ರಿಲ್ 30, ಬುಧವಾರ

ಇಂದು ಬಸವ ಜಯಂತಿ. ಪೂಜೆಗೆ ಕೂತವನು ಮಂತ್ರ ಅರ್ಧಕ್ಕೆ ಮರೆತು ಎದ್ದುಬಂದೆ. ಡೈರಿ ಈಗ ಉಪ್ಪಿನಕಾಯಿ ಭರಣಿಯ ಹಿಂದೆ ಇತ್ತು. ನನ್ನ ತಲೆ ಎಲ್ಲಿದೆಯೋ.

ಬರೆದುಬಿಡುತ್ತೇನೆ. ಓದುವವರು ಯಾರೂ ಇಲ್ಲವಲ್ಲ.

1985ರ ಮೇ ತಿಂಗಳಲ್ಲಿ ನನಗೆ ಇಪ್ಪತ್ನಾಲ್ಕು. ಹಿರೇಹಡ್ಲಿನ ದಡದಲ್ಲಿ ಬಟ್ಟೆ ಒಗೆಯುವ ಒಬ್ಬಳನ್ನು ದಿನಕ್ಕೆ ನಾಲ್ಕು ಸಲ ನೋಡುವುದು ಅಭ್ಯಾಸವಾಗಿತ್ತು. ಮಳೆಗಾಲ ಬಂದರೆ ಸ್ಟೀಮರ್ ಮೂರು ತಿಂಗಳು ಬಂದ್. ಅಷ್ಟರಲ್ಲಿ ಅವಳಿಗೆ ಎಲ್ಲಿಂದಲೋ ಗಂಡು ನೋಡುತ್ತಾರೆಂದು ಸುದ್ದಿ. ಬಣ್ಣದ ಡಬ್ಬ ಹಿಡಿದು ಬಂಡೆಯ ಮುಂದೆ ನಿಂತಾಗ, ಒಂದು ಗೇಣು ಮೇಲೆ ಬಳಿದರೆ ಯಾರಿಗೇನು ನಷ್ಟ ಎನ್ನಿಸಿತು. ಒಂದು ಗೇಣು. ಹಳೆಯ ಗೆರೆ ಕಾಣದ ಹಾಗೆ ಕೆಸರು ಮೆತ್ತಿಬಿಟ್ಟೆ.

ಜೂನ್ ಹದಿನೇಳರಂದು ಏಕಾಂತಪ್ಪ ಗೆರೆ ನೋಡಿ, "ಇನ್ನೂ ಮುಟ್ಟಿಲ್ಲ, ಹೊರಡಾನ" ಎಂದರು. ನಾನು ಸೀಟಿ ಊದಿದೆ.

ವಿಚಾರಣೆಗೆ ಬಂದವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಗೆರೆ ಸರಿಯಿತ್ತೇ? ಸರಿಯಿತ್ತು ಸಾರ್ ಎಂದೆ. ಬಂಡೆ ಅಷ್ಟರಲ್ಲಿ ಪೂರಾ ಮುಳುಗಿತ್ತು. ನೋಡಲು ಏನೂ ಇರಲಿಲ್ಲ. ಮಾರನೆಯ ವರ್ಷ ಮದುವೆಯಾಯಿತು. ಏಕಾಂತಪ್ಪನವರನ್ನು ಕರೆಯಲಿಲ್ಲ.

ಇದನ್ನು ನಾನು ಮರೆತಿದ್ದೆನೇ, ಮರೆತಿರಲಿಲ್ಲವೇ? ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ.

ಮೇ 2, ಶುಕ್ರವಾರ

ಕೊಟ್ಟಿಗೆಹಾರಕ್ಕೆ ಹೋದೆ. ಏಕಾಂತಪ್ಪನವರ ಹೋಟೆಲಿನಲ್ಲಿ ಕೂತೆ. ಅವರು ಗುರುತು ಹಿಡಿದರು, ಮಾತಾಡಿಸಲಿಲ್ಲ. ನೀರುದೋಸೆ ಹಾಕಿದರು. ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ಒಂದು ತುಂಡು ದೋಸೆ ಇಟ್ಟುಕೊಂಡೆ. ಹೀಗೆ ಒಂಬತ್ತು ದೋಸೆ ತಿಂದು ವಾಪಸು ಬಂದೆ. ಚರಿತ್ರೆಯಲ್ಲಿ ಇಂಥ ದಂಡಯಾತ್ರೆ ಇನ್ನೊಂದಿರಲಾರದು.

ಮೇ 5, ಸೋಮವಾರ

ಮತ್ತೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಗಿರಾಕಿ ಯಾರೂ ಇಲ್ಲ. ನಿಂತುಕೊಂಡೇ ಹೇಳಿದೆ. ಗೆರೆ ನಾನೇ ಒಂದು ಗೇಣು ಮೇಲೆ ಹಾಕಿದ್ದೆ ಏಕಾಂತಣ್ಣ, ಕೇಳಿದಾಗ ಸುಳ್ಳು ಹೇಳಿದೆ.

ಅವರು ಲೋಟ ತೊಳೆಯುತ್ತಿದ್ದರು. ತೊಳೆದು ಮುಗಿಸಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದರು.

"ಆವತ್ತು ಗೆರೆ ನೋಡ್ದೆ. ಮುಟ್ಟಿರ್ಲಿಲ್ಲ" ಎಂದರು. "ಗೆರೆ ಮುಟ್ಟಿಲ್ಲ ಅಂದ್ಮೇಲೆ ಎಮ್ಮೆಕಲ್ಲಿನ ಬೆನ್ನು ಕಾಣ್ಬೇಕು. ನಂಗೆ ಕಾಣ್ಲಿಲ್ಲ. ಅದಕ್ಕೂ ಮುಂಚೆ ಐದು ದಿನ ಕಲ್ಲಿದ್ದಲ್ಲಿ ಬರೇ ನೊರೆ ಕಾಣ್ತಿತ್ತು, ಅದನ್ನ ನೋಡ್ಕಂಡು ತಪ್ಪಿಸ್ದೆ. ಆವತ್ತು ನೊರೇನೂ ಇಲ್ಲ. ಕಲ್ಲು ಅಲ್ಲೇ ಎಲ್ಲೋ ಇದೆ, ನನ್ನ ಕಣ್ಣಿಗೇ ಕಾಣ್ತಿಲ್ಲ ಅಂದ್ಕಂಡೆ. ಗೆರೆ ಸುಳ್ಳು ಹೇಳತ್ತೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಮಾರಾಯ?"

ನಾನು ಬೆಂಚಿನ ಮೇಲೆ ಕೂತೆ.

"ಆಮೇಲೆ ಜೀಪ್ ಓಡ್ಸು ಅಂತ ಕರೆದ್ರು. ಎಸ್ಟೇಟಿನ ಲಾರಿಗೆ ಕರೆದ್ರು. ಹೋಗ್ಲಿಲ್ಲ. ಕಣ್ಣು ಕಾಣ್ದೋನು ಜನ್ರನ್ನ ಕೂರಿಸ್ಕಂಡು ಹೋಗ್ಬಾರ್ದು. ಮೊಮ್ಮಗಳನ್ನ ಸೈಕಲ್ಲಲ್ಲೂ ಕೂರಿಸ್ಕಂಡಿಲ್ಲ." ಕನ್ನಡಕ ಮೇಜಿನ ಮೇಲೆ ಇಟ್ಟರು. "ನನ್ನ ಕಣ್ಣು ಸರಿ ಇತ್ತು."

"ಸರಿ ಇತ್ತು ಏಕಾಂತಣ್ಣ."

"ಯಾಕೆ ಮಾಡ್ದೆ?"

"ಗಿರಿಜನ್ನ ನೋಡಕ್ಕೆ."

"ಎಷ್ಟು ದಿನ ಸಿಕ್ತು?"

"ಆರು."

ಅವರು ಬೆರಳು ಮಡಿಚಿ ಎಣಿಸಿದರು, ಆರನೆಯದಕ್ಕೆ ಇನ್ನೊಂದು ಕೈ ತೆಗೆದರು. ಎರಡೂ ಕೈ ಸ್ವಲ್ಪ ಹೊತ್ತು ಹಾಗೇ ಇದ್ದವು.

ಕಾಫಿ ಕೇಳಿದೆ. "ಹಾಲು ಒಡೆದಿದೆ" ಎಂದರು. ಅವರ ಹಿಂದೆ ಒಲೆಯ ಮೇಲೆ ಹಾಲು ಚೆನ್ನಾಗಿ ಉಕ್ಕುತ್ತಿತ್ತು. ಎದ್ದು ಬಂದೆ.

ಮೇ 8, ಗುರುವಾರ

ಎಂಟು ಸಾಲು ಬರೆದು ಗಗನಾಳಿಗೆ ಕೊಟ್ಟೆ. ಮೊದಲ ಆರು ಸಾಲಿನಲ್ಲಿ ಸ್ಟೀಮರ್ ಎಂದೇ ಇದೆ. ಚಿಮಣಿ ಇಲ್ಲ, ತಿಮ್ಮಪ್ಪನವರು ಕ್ಷಮಿಸಬೇಕು. ಕೊನೆಯ ಎರಡು: "ನೀರಿನ ಮಟ್ಟದ ಗೆರೆಯನ್ನು ಟಿಕೆಟ್ ಗುಮಾಸ್ತ ಚನ್ನಬಸವ ತಪ್ಪಾಗಿ ಬಳಿದದ್ದರಿಂದ ಸ್ಟೀಮರ್ ಒಡೆಯಿತು. ಚಾಲಕ ಏಕಾಂತಪ್ಪನವರ ತಪ್ಪಿಲ್ಲ."

ಅವಳು ಟೈಪ್ ಮಾಡಿದಳು. ಎರಡು ಸಲ ಓದಿದಳು. ಕಂಪ್ಯೂಟರು ಕೆಟ್ಟಿದೆ ಎಂದು ಹೇಳಿ ಎದ್ದು ಹೊರಗೆ ಹೋದಳು. ಕೆಟ್ಟಿರಲಿಲ್ಲ.

ಪರಮೇಶ್ವರಪ್ಪನವರು ಫೋನಿನಲ್ಲಿ: "ಎಂತ ಇದು ಚನ್ನಬಸವಣ್ಣ? ನಿಮ್ಮ ಲವ್ ಸ್ಟೋರಿನ ಪಂಚಾಯ್ತಿ ಕಲ್ಲಲ್ಲಿ ಕೆತ್ತಿಸ್ಬೇಕಾ ನಾನು?"

"ಅದ್ರಲ್ಲಿ ಲವ್ ಸ್ಟೋರಿ ಇಲ್ವಲ್ಲ."

"ಏಕಾಂತಪ್ಪನ ಹೋಟೆಲಿಂದ ಊರಿಗೆಲ್ಲ ಗೊತ್ತಾಗಿದೆ ಮಾರಾಯ್ರೇ, ವಿಮಲಮ್ಮ ಟ್ರಂಕಿನ ಲೆಕ್ಕ ತಗೊಂಡು ನಿಮ್ಮನೆಗೆ ಹೊರಟಿದ್ದಾರೆ." ಆಮೇಲೆ ದನಿ ಇಳಿಯಿತು. "ನಿಮ್ಮ ಹೆಸ್ರು ಕಲ್ಲಲ್ಲಿ ಬೇಕಾ? ಯೋಚ್ನೆ ಮಾಡಿ. ಬೇಕಾದ್ರೆ ಯಾರ ಹೆಸ್ರೂ ಬೇಡ ಅಂತ ಬಿಟ್ಬಿಡಾನ."

ಒಂದು ಕ್ಷಣ ಆಸೆಯಾಯಿತು. ಬರೆದದ್ದು ಬರೆದ ಹಾಗೇ ಇರಲಿ ಎಂದೆ.

ಮೇ 10, ಶನಿವಾರ

ಬೆಳಿಗ್ಗೆ ಗಗನಾ ಫೋನು ಮಾಡಿದಳು. ಸೋಮವಾರ ಅವಳ ಜೊತೆ ಬಸ್ಸಿನಲ್ಲಿ ಅಜ್ಜನೂ ಬರುತ್ತಾರಂತೆ, ಬಂಡೆ ನೋಡಬೇಕಂತೆ. ಹಿಂದಿನಿಂದ ಅವರ ದನಿ ಕೇಳಿಸಿತು: "ಬಣ್ಣ ಅವ್ನೇ ತರ್ಲಿ. ಹಳೇ ಗೆರೆ ಮೇಲೆ ಬಳೀಲಿ. ಸರಿ ಬಳೀತಾನಾ ಇಲ್ವಾ, ನಾನು ನಿಂತು ನೋಡ್ತೀನಿ." ಕ್ಷಮಿಸಿದ್ದಾರೋ, ಬೈಯಲು ಬರುತ್ತಿದ್ದಾರೋ? ಈ ತಿಂಗಳಿನಲ್ಲಿ ನನಗೆ ಅರ್ಥವಾಗದ ವಿಷಯಗಳ ಪಟ್ಟಿಗೆ ಇದನ್ನೂ ಸೇರಿಸಿದ್ದೇನೆ. ಕನ್ನಡಕವಿಲ್ಲದೆ ಬರುತ್ತಾರಂತೆ.

ಇನ್ನೊಂದು ವಿಷಯ ಮಾತ್ರ ಇಂದು ಅರ್ಥವಾಯಿತು. ಹಿಂದಿನ ಪುಟ ತಿರುವುವಾಗ ಏಪ್ರಿಲ್ 30ರ ಕೆಳಗೆ, 'ಓದುವವರು ಯಾರೂ ಇಲ್ಲವಲ್ಲ' ಎಂಬಲ್ಲಿ, ಅರಿಶಿನದ ಒಂದು ಹೆಬ್ಬೆಟ್ಟು ಬಿದ್ದಿದೆ. ನನಗೆ ಅಡುಗೆ ಬರುವುದಿಲ್ಲ. ನೊಣಕ್ಕೆ ಹೆಬ್ಬೆಟ್ಟಿಲ್ಲ.

ಆದ್ದರಿಂದ ಈ ಪರಮ ಗೌಪ್ಯ ದಾಖಲೆಯ ಏಕೈಕ ಓದುಗರಲ್ಲಿ ಸವಿನಯ ಪ್ರಾರ್ಥನೆ. ನಮ್ಮ ಮನೆಯ ಬ್ರಷ್ಷು ಕಲ್ಲಿನ ಹಾಗೆ ಗಟ್ಟಿಯಾಗಿದೆ. ನಾಳೆ ಕಳಸಕ್ಕೆ ಹೋದಾಗ ಬಿಳಿ ಬಣ್ಣದ ಒಂದು ಸಣ್ಣ ಡಬ್ಬವನ್ನೂ ಒಂದಿಂಚಿನ ಬ್ರಷ್ಷನ್ನೂ ತಂದು ಅಕ್ಕಿ ಡಬ್ಬದ ಹಿಂದೆ ಇಡು. ಬರುವಾಗ ಅರ್ಧ ಲೀಟರ್ ಹಾಲು ಹೆಚ್ಚಿಗೆ ತಾ. ಸೋಮವಾರ ಅವರು ಕಾಫಿ ಕುಡಿದರೂ ಕುಡಿಯಬಹುದು.